ತಿದ್ದುಪಡಿಗೊಂದು ತಿದ್ದುಪಡಿ

ಪ್ರೀತಿಯ ಡಾಕ್ಟ್ರಮ್ಮಾ,

ನಿಮ್ಮ ಜೆರಾಕ್ಸ್ ಅಂಗಡಿಯ ವಿರುಪಾಕ್ಷಿ ಮಾಡುವ ನಮಸ್ಕಾರ. ನೀವು ಹೋಗಿ ಮೊನ್ನೆಗೆ ಒಂದು ವರ್ಷ ತುಂಬಿತು. ಒಂದು ಕಾಗದ ಬರೆಯಲು ಇಷ್ಟು ದಿನ ಬೇಕಾಯಿತೇ ಎಂದು ಕೇಳುತ್ತೀರಿ, ಗೊತ್ತು. ನಿಮಗೆ ಬರೆಯುವುದೆಂದರೆ ಸುಮ್ಮನೆಯೇ? ಮೊದಲು ಕೆಂಪು ಪೆನ್ನು ತೆಗೆದು, ಆಮೇಲೆ ಕನ್ನಡಕ ಹಾಕಿಕೊಳ್ಳುವವರು ನೀವು. ನಾನು ಚೆನ್ನಾಗಿದ್ದೇನೆ. ಅಂಗಡಿ ನಡೆಯುತ್ತಿದೆ. ಹಳ್ಳಿಯ ಆಸ್ಪತ್ರೆಗಳಿಗೆ ನಮ್ಮ ಹಾಳೆಗಳು ಹೋಗುತ್ತಿವೆ, ಒಂದು ತಿಂಗಳೂ ತಪ್ಪಿಲ್ಲ. ಹೇಳಲು ಸಂತೋಷದ ಸುದ್ದಿಯೇ ಹೆಚ್ಚು. ಆದರೆ ಹಾವಿನ ಹಾಳೆಯ ಬಗ್ಗೆ ನಿಮಗೆ ಒಂದು ಮಾತು ಹೇಳುವುದು ಉಳಿದುಬಿಟ್ಟಿದೆ. ನೀವಿದ್ದಾಗಲೇ ಹೇಳಬೇಕಿತ್ತು. ಎಷ್ಟು ಸಲ ಬಾಯಿಯವರೆಗೆ ಬಂದಿತ್ತೋ... ಇವತ್ತು ಹೇಳಿಯೇ ಬಿಡುತ್ತೇನೆ. ಸ್ವಲ್ಪ ಸುತ್ತು ಹಾಕಿ ಬರುತ್ತೇನೆ, ಬೈಯಬೇಡಿ.

ನೀವು ಮೊದಲ ಸಲ ಅಂಗಡಿಗೆ ಬಂದ ದಿನ ನನಗೆ ಕಣ್ಣಿಗೆ ಕಟ್ಟಿದಂತಿದೆ. ಅದಿರಿನ ಭರಾಟೆ ಆಗಷ್ಟೇ ಏರುತ್ತಿತ್ತು. ಹೊಸಪೇಟೆಯಲ್ಲಿ ಲಾರಿ ಇಟ್ಟವನ ನಡಿಗೆಯೇ ಬೇರೆಯಾಗಿತ್ತು. ನನ್ನ ಕೌಂಟರಿನ ಮುಂದೆ ಬೆಳಗಿನಿಂದ ಪರ್ಮಿಟ್ಟು, ಟ್ರಿಪ್ ಶೀಟು, ಆರ್‌ಸಿ ಬುಕ್ಕು ಹಿಡಿದವರ ನೂಕುನುಗ್ಗಲು. ಕೀಬೋರ್ಡಿನ ಸಂದಿಯಲ್ಲೆಲ್ಲ ಸಂಡೂರಿನ ಕೆಂಪು ಧೂಳು. ನೀವು ಕೊಡೆಯ ಹಿಡಿಕೆಯಿಂದ ಬಾಗಿಲಿಗೆ ಎರಡು ಸಲ ಕುಟ್ಟಿದಿರಿ. ಡ್ರೈವರುಗಳೆಲ್ಲ ತಾವಾಗಿಯೇ ಪಕ್ಕಕ್ಕೆ ಸರಿದರು. ಸರಿಯದೆ ಇರುತ್ತಾರೆಯೇ? ಸರ್ಕಾರಿ ಹೆರಿಗೆ ವಾರ್ಡಿನಲ್ಲಿ ಅವರಲ್ಲಿ ಅರ್ಧ ಮಂದಿಯನ್ನು ಕಾಲು ಹಿಡಿದೆತ್ತಿ, ಬೆನ್ನಿಗೆ ತಟ್ಟಿ ಅಳಿಸಿದವರು ನೀವು. ಬ್ಯಾಗಿನಿಂದ ಒಂದು ಕೈಬರಹದ ಹಾಳೆ ತೆಗೆದು ನನ್ನ ಮುಂದಿಟ್ಟಿರಿ.

“ಟೈಪ್ ಮಾಡ್ಬೇಕೇನ್ರಿ?” ಎಂದೆ.

“ಮೊದಲ ಓದೋ. ಓದಿ, ಏನು ತಿಳೀತು ಅಂತ ನನಗ ಹೇಳು.”

ಓದಿದೆ. ಮಕ್ಕಳಿಗೆ ಭೇದಿಯಾದಾಗ ಸಕ್ಕರೆ ಉಪ್ಪಿನ ನೀರಿನ ಜೊತೆಗೆ ಸತುವಿನ ಮಾತ್ರೆಯನ್ನೂ ಕೊಡಬೇಕು ಎನ್ನುವ ವಿಷಯ ಅದು ಎಂದು ಆಮೇಲೆ ತಿಳಿಯಿತು. ಆಗ ಮಾತ್ರ ಮೊದಲ ಸಾಲಿನಲ್ಲೇ ‘ನಿರ್ಜಲೀಕರಣ’ ಎಂಬ ಪದ ದಾರಿಗೆ ಅಡ್ಡ ಮಲಗಿದ ಎಮ್ಮೆಯ ಹಾಗೆ ಮಲಗಿತ್ತು. “ಖರೇ ಹೇಳ್ಲೇನ್ರಿ? ಏನೂ ತಿಳೀಲಿಲ್ಲ,” ಎಂದೆ. ನೀವು ಬೇಜಾರು ಮಾಡಿಕೊಳ್ಳುತ್ತೀರಿ ಅಂದುಕೊಂಡಿದ್ದೆ. ಮುಖ ಅರಳಿತು ನಿಮ್ಮದು! “ಭೇಷ್. ನನಗ ನಿನ್ನಂಥಾವನೇ ಬೇಕಾಗಿದ್ದ,” ಎಂದು ಅಲ್ಲೇ ಸ್ಟೂಲ್ ಎಳೆದುಕೊಂಡು ಕೂತು, ಆ ಪದ ಹೊಡೆದುಹಾಕಿ, ‘ಮಗುವಿನ ಮೈಯಲ್ಲಿ ನೀರು ಕಡಿಮೆಯಾದರೆ’ ಎಂದು ಬರೆದಿರಿ. ನನ್ನ ದಡ್ಡತನಕ್ಕೆ ಅಷ್ಟು ಮರ್ಯಾದೆಯನ್ನು ಅದಕ್ಕೆ ಮುಂಚೆ ಯಾರೂ ಕೊಟ್ಟಿರಲಿಲ್ಲ.

ಆಮೇಲೆ ನೀವು ಪ್ರತಿ ಮಂಗಳವಾರ ಬರತೊಡಗಿದಿರಿ. ಒಂದು ಮಂಗಳವಾರ, ನಿಮ್ಮ ಫ್ಲಾಸ್ಕಿನ ಕಾಫಿ ಇಬ್ಬರೂ ಕುಡಿಯುತ್ತಿದ್ದಾಗ ನಾನೇ ಕೇಳಿದೆ. ನಮ್ಮ ಬೀದಿಯ ಚಹಾ ನಿಮಗೆ ಸಕ್ಕರೆ ನೀರು, ಹಾಗಾಗಿ ಫ್ಲಾಸ್ಕು ತಪ್ಪುತ್ತಿರಲಿಲ್ಲ. ರಿಟೈರ್ ಆಗಿ ಆರಾಮಾಗಿ ಅನಂತಶಯನಗುಡಿ ಕಡೆ ಮನೆಯಲ್ಲಿ ಇರುವುದು ಬಿಟ್ಟು ಯಾಕ್ರಿ ಈ ಉಸಾಬರಿ, ಎಂದೆ. ನೀವು ಲೋಟ ಕೆಳಗಿಟ್ಟಿರಿ.

“ನೋಡೋ, ಗುಳಿಗಿ ಹಳ್ಳಿಗೆ ಬರ್ತದ, ಸೂಜಿನೂ ಬರ್ತದ. ಅದನ್ನ ಯಾವಾಗ ಕೊಡಬೇಕು, ಯಾವಾಗ ಕೊಡಬಾರದು ಅನ್ನೋ ಮಾತು ಮಾತ್ರ ಬರೂದಿಲ್ಲ. ಅದು ಎಲ್ಲೋ ಡಾಕ್ಟರುಗಳು ಓದೋ ಇಂಗ್ಲಿಷ್ ಪತ್ರಿಕೆಯೊಳಗ ಕೂತಿರ್ತದ. ನಾನು ಮೂವತ್ತು ವರ್ಷ ಕೆಲಸ ಮಾಡೀನಿ. ರಿಟೈರ್ ಆದ ಮ್ಯಾಲ ಓದಿ ತಿಳ್ಕೊಂಡದ್ದೇ ಭಾಳ ಅದ. ಇದೆಲ್ಲಾ ಆಗ ಗೊತ್ತಿದ್ದಿದ್ರ...”

ಆ ವಾಕ್ಯವನ್ನು ನೀವು ಯಾವತ್ತೂ ಪೂರ್ತಿ ಮಾಡಲಿಲ್ಲ. ನಾನೂ ಕೇಳಲಿಲ್ಲ. ಅದರ ಬದಲು ಕಾಯ್ದೆ ಮಾಡಿದಿರಿ. ಒಂದು ವಿಷಯಕ್ಕೆ ಒಂದೇ ಹಾಳೆ, ಅದೂ ಒಂದೇ ಮಗ್ಗುಲು. ಗೋಡೆಗೆ ಅಂಟಿಸಿದರೆ ಕೈಯಲ್ಲಿ ಸೂಜಿ ಹಿಡಿದ ಸಿಸ್ಟರ್ ನಿಂತಲ್ಲಿಂದಲೇ ಓದುವಷ್ಟು ದೊಡ್ಡ ಅಕ್ಷರ. ವಿರುಪಾಕ್ಷಿಗೆ ತಿಳಿಯದ ಮಾತು ಒಂದೂ ಇರಕೂಡದು. ಎರಡನೆಯ ಹಾಳೆಗೆ ಹೋದರೆ ಏನಂತೆ ಎಂದು ಒಮ್ಮೆ ಕೇಳಿದ್ದಕ್ಕೆ, “ಎರಡನೇ ಹಾಳಿ ಮ್ಯಾಲ ಬ್ಯಾಳಿ ಡಬ್ಬಿ ಇಟ್ಟಿರ್ತಾರ, ನೋಡೀಯೇನು?” ಎಂದು ಗದರಿದಿರಿ. ಅದು ನಿಜವೇ. ಆಮೇಲೆ ಎಷ್ಟೋ ಕಡೆ ನೋಡಿದ್ದೇನೆ.

ಆ ದೊಡ್ಡ ಪತ್ರಿಕೆಗಳ ಬೀಗದ ಬಾಗಿಲು ನಮ್ಮ ಮುಂದೆ ಮೊದಲ ಸಲ ಬಂದದ್ದು ನೆನಪಿದೆಯೇ? ನಿಮಗೆ ಬೇಕಾದ ಲೇಖನದ ಹೆಸರು ಕಂಪ್ಯೂಟರಿನಲ್ಲಿ ಕಾಣಿಸುತ್ತದೆ, ಬರೆದವರ ಹೆಸರು ಕಾಣಿಸುತ್ತದೆ, ಸಾರಾಂಶದ ನಾಲ್ಕು ಸಾಲು ಕಾಣಿಸುತ್ತದೆ. ಅದರ ಮುಂದೆ ಡಾಲರು ಕೊಟ್ಟರೆ ಮಾತ್ರ ಓದು ಎನ್ನುತ್ತದೆ. ನೀವು ಪರದೆಯನ್ನೇ ದಿಟ್ಟಿಸಿದಿರಿ. “ನಮ್ಮಂಥಾ ಊರಿನ ಕೂಲಿ ಮಂದಿ ರಕ್ತ ತಗೊಂಡು ಬರೆದದ್ದು. ಅದನ್ನ ನಮಗೇ ಓದಾಕ ಬಿಡೂದಿಲ್ಲ ಅಂದ್ರ ಹೆಂಗೋ?” ಎಂದಿರಿ. ಆಮೇಲೆ, “ಪತ್ರಿಕೆಯವರನ್ನ ಯಾಕ ಕೇಳಬೇಕು? ಬರೆದವರಿಗೇ ಕೇಳೋಣು,” ಎಂದು ಬೆರಳು ಮಡಚಿ ಮೇಜಿಗೆ ಕುಟ್ಟಿದಿರಿ. ನಿಮಗೆ ಇಮೇಲ್ ಇರಲಿಲ್ಲ. ನನ್ನದರಿಂದಲೇ ಹೋಯಿತು. ಮೂರು ದಿನಕ್ಕೆ ಲೇಖನ ಸಮೇತ ಉತ್ತರ ಬಂತು, ‘ಡಿಯರ್ ಡಾಕ್ಟರ್ ವಿರುಪಾಕ್ಷಿ’ ಎಂದು! ಎಸ್ಸೆಲ್ಸಿಯನ್ನು ಎರಡು ಸಲ ಬರೆದವನು ನಾನು. ನೀವು ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಿರಿ. ಆಮೇಲೆ ಎಷ್ಟು ದೇಶಗಳಿಂದ ಎಷ್ಟು ಪ್ರೊಫೆಸರುಗಳು ಹಾಗೆ ಬರೆದರೋ. ನಾನು ಒಬ್ಬರಿಗೂ ತಿದ್ದಿ ಹೇಳಲಿಲ್ಲ. ತಮಾಷೆ ಎಂದು ನೀವು ಬಿಟ್ಟಿರಿ. ಆದರೆ ಆ ಡಾಕ್ಟರ್ ಪದವಿ ನನಗೆ ಒಳಗೊಳಗೇ ಹಿಡಿಸಿಬಿಟ್ಟಿತ್ತು. ಈಗ ನಿಜ ಹೇಳುತ್ತಿದ್ದೇನೆ.

ಹಾಳೆಗಳು ಊರು ಸುತ್ತಲು ಶುರುಮಾಡಿದ ಆ ದಿನಗಳೇ ಚೆಂದ. ಸಂಡೂರು ಬಸ್ಸಿನ ಕಂಡಕ್ಟರಿಗೆ ಒಂದು ಕಟ್ಟು, ಕಂಪ್ಲಿ ಬಸ್ಸಿನವನಿಗೆ ಒಂದು ಕಟ್ಟು. ‘ಡಾಕ್ಟ್ರಮ್ಮನ ಹಾಳೆ’ ಎಂದರೆ ಸಾಕು, ಸೀಟಿನ ಮೇಲೆ ಇಟ್ಟುಕೊಂಡು ಹೋಗುತ್ತಿದ್ದರು. ಬಂಡ್ರಿಯ ಸಿಸ್ಟರ್ ಒಮ್ಮೆ ಹೇಳಿಕಳಿಸಿದ್ದರಲ್ಲ, ಗಣಿ ಕೆಲಸಕ್ಕೆ ಹೋಗುವ ತಾಯಂದಿರು ಈಗ ಸತುವಿನ ಮಾತ್ರೆ ತಾವಾಗಿಯೇ ಕೇಳುತ್ತಾರೆ, ಹೇಳಿದಷ್ಟು ದಿನವೂ ಕೊಟ್ಟು ಮುಗಿಸುತ್ತಾರೆ ಎಂದು? ಆ ದಿನ ನೀವು ನನಗೆ ಫ್ಲಾಸ್ಕಿನ ಎರಡನೆಯ ಲೋಟ ಕಾಫಿಯನ್ನೂ ಕೊಟ್ಟಿರಿ. ಅದೇ ವಾರ ಹುಲಿಗೆಮ್ಮ ಸಿಸ್ಟರ್ ಕಂಪ್ಲಿ ಕಡೆಯ ತಮ್ಮ ಹಳ್ಳಿಯಿಂದ ಹುಡುಕಿಕೊಂಡು ಬಂದರು. ದಪ್ಪ ಕನ್ನಡಕ, ಎಣ್ಣೆ ಹಾಕಿ ಬಿಗಿದ ಜಡೆ, ಕಂಕುಳಲ್ಲಿ ಚೀಲ. “ನೀವು ಬರ್ದಂಗ ಅಕ್ಷರಕ್ಕಕ್ಷರ ಮಾಡ್ತೀನ್ರಿ ಅಮ್ಮಾರ. ಒಂದು ಹೆಚ್ಚಿಲ್ಲ, ಒಂದು ಕಡಿಮಿಲ್ಲ,” ಎಂದರು. ಅವರು ಹೋದ ಮೇಲೆ ನೀವು, “ಇಂಥಾವರಿದ್ದರ ಒಂದು ಅಕ್ಷರನೂ ತಪ್ಪಬಾರದೋ,” ಎಂದಿರಿ. ಅದನ್ನು ನಾನು ಕಿವಿಯಾರೆ ಕೇಳಿದ್ದೆ.

ಹಾವಿನ ಹಾಳೆಯ ವಿಷಯಕ್ಕೆ ಬರುತ್ತೇನೆ. ಕಬ್ಬು ಕಡಿಯುವ ದಿನಗಳು. ಎಮ್ಮಿಗನೂರು, ಮೆಟ್ರಿ ಕಡೆ ಕಾಲುವೆಯ ಮಗ್ಗುಲಿನ ಗದ್ದೆಗಳಲ್ಲಿ ಹಾವು ಕಡಿದವರು ಬರುವುದು ಹೆಚ್ಚಾಗಿತ್ತು. ಯಾವ ಹಾವೋ, ವಿಷ ಏರಿದೆಯೋ ಇಲ್ಲವೋ, ಹಳ್ಳಿಯ ಆಸ್ಪತ್ರೆಯಲ್ಲಿ ತಿಳಿಯುವುದು ಹೇಗೆ? ನೀವು ತರಿಸಿದ ಲೇಖನದಲ್ಲಿ ಅದಕ್ಕೆ ಸುಲಭದ ಉಪಾಯ ಇತ್ತು. ಕಡಿಸಿಕೊಂಡವರ ರಕ್ತ ಎರಡು ಎಂಎಲ್ ತೆಗೆದು ಗಾಜಿನ ಟ್ಯೂಬಿಗೆ ಹಾಕಿ, ಅಲುಗಾಡಿಸದೆ ಇಪ್ಪತ್ತು ನಿಮಿಷ ಇಟ್ಟು, ಒಂದೇ ಸಲ ಓರೆ ಮಾಡಿ ನೋಡಬೇಕು. ರಕ್ತ ಹೆಪ್ಪುಗಟ್ಟದೆ ಹರಿದರೆ ಕೊಳಕುಮಂಡಲದಂಥ ಹಾವಿನ ವಿಷ ಏರಿದೆ ಎಂದರ್ಥ. ಯಂತ್ರ ಬೇಡ, ಕರೆಂಟು ಬೇಡ. ನೀವು ಅದನ್ನು ಬರೆದು ಮುಗಿಸುವ ಹೊತ್ತಿಗೆ ಕಣ್ಣಿನ ಪೊರೆಯ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಕೈಬರಹದ ಹಾಳೆ ನನ್ನ ಕೈಗೆ ಕೊಟ್ಟು, “ಈ ಸಲ ನನಗ ನೋಡಾಕ ಆಗೂದಿಲ್ಲ. ನೀನೇ ಒಂದು ಹಾಳಿಗೆ ಹೊಂದಿಸು. ಈಗ ನಿನಗ ಎಲ್ಲಾ ತಿಳೀತದ,” ಎಂದು ಆಟೋ ಹತ್ತಿದಿರಿ.

ಹೊಂದಿಸಲು ಕೂತೆ, ಡಾಕ್ಟ್ರಮ್ಮಾ. ಎರಡು ಸಾಲು ಮಿಕ್ಕಿತು. ಅಕ್ಷರ ಸಣ್ಣದು ಮಾಡುವ ಹಾಗಿಲ್ಲ, ಎರಡನೆಯ ಹಾಳೆಗೆ ಹೋಗುವ ಹಾಗಿಲ್ಲ. ನಾಗರಹಾವಿಗೆ ಈ ಪರೀಕ್ಷೆ ನಡೆಯುವುದಿಲ್ಲ ಎಂಬ ಸಾಲನ್ನು ಬಿಡಬಾರದು ಎಂದು ನನಗೇ ಗೊತ್ತಾಯಿತು. ಟ್ಯೂಬಿನ ಬಗ್ಗೆ ನೀವು ಹೀಗೆ ಬರೆದಿದ್ದಿರಿ: ‘ಟ್ಯೂಬು ಹೊಸದಾಗಿರಲಿ, ಒಣಗಿರಲಿ. ಸೋಪಿನಲ್ಲಿ ತೊಳೆದ ಟ್ಯೂಬು ಬೇಡವೇ ಬೇಡ. ಗಾಜಿಗೆ ಸೋಪು ಅಂಟಿದ್ದರೆ ಒಳ್ಳೆಯ ರಕ್ತವೂ ಹೆಪ್ಪುಗಟ್ಟುವುದಿಲ್ಲ.’ ಒಂದು ಟ್ಯೂಬಿಗೆ ಇಷ್ಟು ಉದ್ದದ ಪುರಾಣವೇ ಎನಿಸಿತು ನನಗೆ. ನಾನು ಎಮ್ಮಿಗನೂರಿನವನು, ಹಾವು ನೋಡಿಕೊಂಡೇ ಬೆಳೆದವನು. ಮೇಲಾಗಿ ಡಿಯರ್ ಡಾಕ್ಟರ್ ವಿರುಪಾಕ್ಷಿ. ಅಷ್ಟನ್ನೂ ತೆಗೆದು ‘ಚೆನ್ನಾಗಿ ತೊಳೆದ ಟ್ಯೂಬು ಬಳಸಿ’ ಎಂದು ಹಾಕಿದೆ. ಹಾಳೆ ಅಂದವಾಗಿ ಕೂತಿತು. ಕೆಳಗೆ ಒಂದು ಬೆರಳು ಜಾಗವೂ ಉಳಿಯಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿ, ಪ್ರತಿಗಳನ್ನು ತೆಗೆದು ಬಸ್ಸಿಗೆ ಹಾಕಿಸಿದೆ.

ಆಮೇಲೆ ಹುಲಿಗೆಮ್ಮ ಸಿಸ್ಟರ್ ಬಂದ ದಿನ ನೀವು ಹಸಿರು ಕನ್ನಡಕ ಹಾಕಿಕೊಂಡು ನನ್ನ ಅಂಗಡಿಯಲ್ಲೇ ಕೂತಿದ್ದಿರಿ. ಅವರ ಮುಖ ಬಾಡಿತ್ತು. ಹಾಳೆಯಲ್ಲಿ ಇದ್ದ ಹಾಗೆಯೇ ಅವರು ಟ್ಯೂಬುಗಳನ್ನು ತೊಳೆದಿದ್ದರು. ಚೆನ್ನಾಗಿ ಎಂದರೆ ಚೆನ್ನಾಗಿ, ಸೋಪಿನ ಪುಡಿ ಹಾಕಿ ಮೂರು ಮೂರು ಸಲ. ಹಾವು ಕಡಿದು ಬಂದ ಮೂವರದೂ ರಕ್ತ ಟ್ಯೂಬಿನಲ್ಲಿ ಹೆಪ್ಪುಗಟ್ಟಲಿಲ್ಲ. ಮೂವರನ್ನೂ ಗಾಬರಿಯಿಂದ ದೊಡ್ಡಾಸ್ಪತ್ರೆಗೆ ಸಾಗಿಸಿದರು. ಅವರಲ್ಲಿ ಕಬ್ಬು ಕಡಿಯುವ ಒಬ್ಬನಿಗೆ ಹೊರಡುವ ಮೊದಲೇ ವಿಷ ಇಳಿಸುವ ಮದ್ದು ಏರಿಸಿದ್ದರು. ಬೇಡದ ಮದ್ದು ಮೈಗೆ ಒಗ್ಗದೆ ದದ್ದು ಎದ್ದು, ನಡುಗಿ, ಉಸಿರು ಕಟ್ಟಿದಂತಾಗಿ, ಸಂಜೆಯ ಹೊತ್ತಿಗೆ ಸುಧಾರಿಸಿದನಂತೆ. ಅಲ್ಲಿಯ ವೈದ್ಯರು ಹೊಸ ಟ್ಯೂಬಿನಲ್ಲಿ ನೋಡಿದರೆ ಮೂವರ ರಕ್ತವೂ ಸರಿಯಾಗಿಯೇ ಹೆಪ್ಪುಗಟ್ಟಿತ್ತು. ಗೋಡೆಯ ಹಾಳೆ ನೋಡಿ ಡಾಕ್ಟರಿಕೆ ಮಾಡುತ್ತೀಯಾ ಎಂದು ಹುಲಿಗೆಮ್ಮನವರಿಗೆ ಎಲ್ಲರ ಎದುರು ಬೈದಿದ್ದರು.

ಬೇರೆಯವರಾಗಿದ್ದರೆ ಹಾಳೆ ಹರಿದು ಎಸೆದು ಸುಮ್ಮನಾಗುತ್ತಿದ್ದರು. ಹುಲಿಗೆಮ್ಮ ಚೀಲದಿಂದ ಎರಡು ಟ್ಯೂಬು ತೆಗೆದು ಮೇಜಿನ ಮೇಲೆ ನಿಲ್ಲಿಸಿದರಲ್ಲ, ಆ ದೃಶ್ಯವನ್ನು ನಾನು ಮರೆಯುವುದಿಲ್ಲ. “ಎರಡೂ ನನ್ನ ರಕ್ತರೀ ಅಮ್ಮಾರ. ನನಗ ಯಾವ ಹಾವೂ ಕಡಿದಿಲ್ಲ. ಇದು ನಾ ತೊಳೆದ ಟ್ಯೂಬು, ಇದು ಹೊಸಾದು. ತೊಳೆದಿದ್ರಾಗ ಹೆಪ್ಪಾಗವಲ್ದು, ಹೊಸಾದ್ರಾಗ ಆಗೈತಿ. ನನಗೇನೋ ಆ ಸೋಪಿನ ಪುಡಿ ಮ್ಯಾಲೇ ಅನುಮಾನ ಐತ್ರಿ.” ನೀವು ಟ್ಯೂಬುಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಿರಿ. ಎದ್ದು ಅವರ ಎರಡೂ ಕೈ ಹಿಡಿದುಕೊಂಡಿರಿ. “ಇದೇ ಸಂಶೋಧನಾ ಅಂದ್ರ. ಪ್ರೊಫೆಸರ್ ಮಾಡೂದೂ ಇದನ್ನೇ,” ಎಂದಿರಿ. ಆಮೇಲೆ ನನ್ನ ಕಡೆ ತಿರುಗಿದಿರಿ.

“ಸೋಪಿನ ಮಾತು ಆ ಲೇಖನದೊಳಗ ಇತ್ತು. ನಾನು ಓದಿದ್ದೆ. ಬರೆದಿದ್ನೋ ಇಲ್ಲೋ... ನನ್ನ ಕೈಬರಹ ನಿನ್ನ ಹತ್ತಿರ ಅದ ಏನೋ?”

ಅದು ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು. ಹುಲಿಗೆಮ್ಮ ಸೋಪು ಎಂದ ಕ್ಷಣವೇ ನಾನು ತೆಗೆದುಹಾಕಿದ ಸಾಲು ನೆನಪಾಗಿತ್ತು. ‘ಇಲ್ರಿ, ಆವಾಗಲೇ ಹರಿದುಹಾಕಿದೆ’ ಎಂದುಬಿಟ್ಟೆ. ಯಾಕೆ ಹಾಗೆಂದೆ? ನೀವು ಬೈಯುತ್ತೀರಿ ಎಂಬ ಹೆದರಿಕೆ ಅಲ್ಲ. ನಿಮ್ಮ ಬೈಗುಳ ನನಗೆ ಹೊಸದೇ? ‘ಈಗ ನಿನಗ ಎಲ್ಲಾ ತಿಳೀತದ’ ಎಂದಿದ್ದಿರಲ್ಲ, ಆ ಮಾತನ್ನು ನೀವು ವಾಪಸು ತೆಗೆದುಕೊಳ್ಳುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ನೀವು ಸ್ಟೂಲಿನ ಮೇಲೆ ಕೂತು, “ಹಂಗಾದ್ರ ನಾನೇ ಮರ್ತೀನಿ. ಎಪ್ಪತ್ತಾತು, ತಲಿ ಕೆಲಸ ಮಾಡವಲ್ದು,” ಎಂದಿರಿ. ನಾನು ಆ ಡ್ರಾಯರಿಗೆ ಮೊಣಕಾಲು ಒತ್ತಿ ಕೂತೆ.

ತಿದ್ದುಪಡಿಯ ಹಾಳೆಯನ್ನು ಅದೇ ಮಧ್ಯಾಹ್ನ ಬರೆಸಿದಿರಿ. ದೊಡ್ಡ ಪತ್ರಿಕೆಯವರೂ ತಪ್ಪು ಮಾಡುತ್ತಾರೆ, ಆದರೆ ಅದೇ ಪತ್ರಿಕೆಯಲ್ಲಿ, ಯಾರ ತಪ್ಪು ಎಂದು ಹೇಳಿ, ಸರಿ ಯಾವುದು ಎಂದು ಅಚ್ಚು ಮಾಡುತ್ತಾರೆ, ನಾವೂ ಹಾಗೇ ಮಾಡಬೇಕು ಎಂದಿರಿ. ‘ಟ್ಯೂಬಿಗೆ ಸೋಪು ತಾಗಬಾರದು ಎಂಬ ಸಾಲನ್ನು ಬರೆಯಲು ನಾನು ಮರೆತೆ. ತಪ್ಪು ನನ್ನದು. ಕಂಡುಹಿಡಿದವರು ಹುಲಿಗೆಮ್ಮ ಸಿಸ್ಟರ್.’ ಕೆಳಗೆ ನಿಮ್ಮ ಸಹಿ. ಆ ಸಾಲುಗಳನ್ನು ನಾನೇ ಟೈಪ್ ಮಾಡಿದೆ, ಡಾಕ್ಟ್ರಮ್ಮಾ. ಈ ಬೆರಳುಗಳಿಂದಲೇ. ಟೈಪ್ ಮಾಡುತ್ತಾ ಮಾಡುತ್ತಾ ಈಗ ಹೇಳಲೇ, ಈಗ ಹೇಳಲೇ ಎಂದು... ಪ್ರಿಂಟು ಬಂದೇಬಿಟ್ಟಿತು.

ಮುಂದಿನ ವಾರ ನಿಮ್ಮ ಮನೆಗೆ ಬಂದಾಗ ಜಗಲಿ ಖಾಲಿಯಿತ್ತು. ಸಂಜೆ ಹೊತ್ತು ಅಲ್ಲಿ ಬಸುರಿಯರು, ಬಾಣಂತಿಯರು ತುಂಬಿರುತ್ತಿದ್ದರು. ರೋಗಿಗಳನ್ನು ನೋಡುವುದು ನಿಲ್ಲಿಸಿದೆ ಎಂದಿರಿ. “ಒಂದು ಸಾಲು ಮರ್ತಾಕಿ ನಾಳಿ ಒಂದು ಗುಳಿಗಿ ಮರೀತೀನಿ. ಬ್ಯಾಡಪ್ಪ.” ಹಾಳೆಗಳನ್ನೂ ನಿಲ್ಲಿಸುತ್ತೇನೆ ಎಂದಾಗ ಮಾತ್ರ ನಾನು ಬಿಡಲಿಲ್ಲ. ಇನ್ನು ಮುಂದೆ ಪ್ರತಿ ಹಾಳೆಯೂ ಅಚ್ಚಾಗುವ ಮೊದಲು ಹುಲಿಗೆಮ್ಮನ ಕೈಗೆ ಹೋಗಲಿ, ಅದರಲ್ಲಿರುವುದನ್ನು ಅವರು ಒಮ್ಮೆ ಮಾಡಿ ನೋಡಲಿ, ಆಮೇಲೆ ಬಸ್ಸಿಗೆ ಹಾಕೋಣ ಎಂದೆ. ನಿಮಗೆ ಹಿಡಿಸಿತು. ಅದರಿಂದ ಹಾಳೆಗಳು ಎಷ್ಟು ಸುಧಾರಿಸಿದವು, ಅಲ್ಲವೇ? ನಿಮ್ಮ ಕೊನೆಯ ಎರಡು ವರ್ಷ ಸಂತೋಷದಲ್ಲೇ ಕಳೆದವು ಎಂದು ಎಲ್ಲರೂ ಹೇಳುತ್ತಾರೆ. ನಾನೂ ನೋಡಿದ್ದೇನೆ. ಹುಲಿಗೆಮ್ಮನ ಜೊತೆ ಕೂತು ಹರಟೆ ಹೊಡೆದು, ಕಾಫಿ ಕುಡಿದು, ನನ್ನನ್ನು ಗೇಲಿ ಮಾಡುತ್ತಾ ಇದ್ದಿರಿ. ಆದರೆ ನಡುನಡುವೆ ಪೆನ್ನು ನಿಲ್ಲಿಸಿ, “ಇದನ್ನ ಮೊದಲೇ ಬರದೀನೇನೋ? ನೋಡಿ ಹೇಳು,” ಎನ್ನುತ್ತಿದ್ದಿರಿ. ಮೊದಲು ನೀವು ಯಾರನ್ನೂ ಹಾಗೆ ಕೇಳಿದವರಲ್ಲ.

ನೀವು ಹೋದ ಮೇಲೆ ಹಾಳೆಗಳು ನಿಂತವು ಅಂದುಕೊಂಡಿರಾ? ಹದಿಮೂರನೆಯ ದಿನ ಕಳೆದ ಮಂಗಳವಾರವೇ ಹುಲಿಗೆಮ್ಮ ಬಂದು ನಿಮ್ಮ ಸ್ಟೂಲಿನ ಮೇಲೆ ಕೂತರು. “ಕುಂತು ಅಳೂದು ಆತು. ಮುಂದಿನ ಹಾಳಿ ಯಾವುದ್ರಿ?” ಎಂದರು. ಕಂಪ್ಲಿಗೆ ಹೊಸದಾಗಿ ಬಂದ ಒಬ್ಬ ಡಾಕ್ಟರ್ ಹುಡುಗಿ ಇಂಗ್ಲಿಷ್ ಲೇಖನ ಓದಿ ಹೇಳುತ್ತಾಳೆ. ಚುರುಕು, ಆದರೆ ಉದ್ದುದ್ದ ಪದಗಳ ಚಟ. ನಾನು ಏನೂ ತಿಳೀಲಿಲ್ಲ ಎಂದರೆ ಮೂತಿ ಊದಿಸುತ್ತಾಳೆ. ಕಲಿಯುತ್ತಾಳೆ ಬಿಡಿ. ಧೂಳಿನ ಕೆಮ್ಮಿನ ಹಾಳೆ ಮಾಡಿದೆವು, ಗಣಿಯವರ ಕೆಮ್ಮೆಲ್ಲ ಟಿಬಿ ಅಲ್ಲ, ಆದರೆ ಕಫ ಪರೀಕ್ಷೆ ಮಾಡಿಸದೆ ಬಿಡಬಾರದು ಎಂದು. ಸಂಡೂರು ಕಡೆಯಿಂದ ಅದಕ್ಕೆ ಇನ್ನೂ ಪ್ರತಿ ಕೇಳುತ್ತಿದ್ದಾರೆ. ನವಜಾತ ಮಕ್ಕಳನ್ನು ತಾಯಿಯ ಎದೆಗೆ ಕಟ್ಟಿ ಬೆಚ್ಚಗಿಡುವ ಹಾಳೆಗೆ ಹುಲಿಗೆಮ್ಮನೇ ಚಿತ್ರ ಬರೆದರು. ತಾಯಿಯ ಮೂಗು ಮಾತ್ರ ಅವರ ಮೂಗಿನ ಹಾಗೇ ಇದೆ.

ಕಳೆದ ತಿಂಗಳು ಆ ಮೂಗನ್ನು ತಮಾಷೆ ಮಾಡುತ್ತಾ ಕೂತಿದ್ದಾಗ ಹುಲಿಗೆಮ್ಮ ಇದ್ದಕ್ಕಿದ್ದಂತೆ, “ಅಮ್ಮಾರು ಸೋಪಿನ ಸಾಲು ಮರ್ತದ್ದು ಒಂದ ನೋಡ್ರಿ. ಪಾಪ, ಅದೊಂದು ಅವರ್ನ ಕೊನೀತನಕಾ ತಿಂತು,” ಎಂದರು. ನನಗೆ ತಡೆಯಲಾಗಲಿಲ್ಲ. ಡ್ರಾಯರು ಎಳೆದು ನಿಮ್ಮ ಕೈಬರಹದ ಹಾಳೆ ತೆಗೆದು ಅವರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ಪೂರ್ತಿ ಓದಿದರು. ನನ್ನನ್ನು ನೋಡಿದರು. ಮತ್ತೊಮ್ಮೆ ಓದಿದರು. ಬೈಯಲಿ ಎಂದು ಕಾಯುತ್ತಿದ್ದೆ.

“ನನಗ ತೋರಿಸಿ ಏನ್ ಮಾಡ್ತೀರಿ? ನನ್ನ ಬೈಗುಳ ನಾನು ಅವತ್ತೇ ತಿಂದು ಮರ್ತೀನಿ. ಅಮ್ಮಾರ ಹೆಸರಿನ ಮ್ಯಾಲ ಆ ತಪ್ಪು ಎಲ್ಲಾ ಗ್ವಾಡಿ ಮ್ಯಾಲೂ ಕುಂತೈತಿ. ಅದನ್ನ ಇಳಿಸ್ರಿ ಮೊದ್ಲು.” ಬಾಗಿಲವರೆಗೆ ಹೋದವರು ತಿರುಗಿ ನಿಂತು, “ಅವರಿಗೂ ಒಂದು ಕಾಗದ ಬರೀರಿ. ತಲುಪ್ತದೋ ಬಿಡ್ತದೋ, ಬರೀರಿ,” ಎಂದರು. ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ವಾರ ಸಂಡೂರಿನಲ್ಲಿ ಸಿಸ್ಟರುಗಳೆಲ್ಲ ಸೇರಿದ್ದರು. ಹೊಸ ತಿದ್ದುಪಡಿಯನ್ನು ನಾನೇ ಎದ್ದು ನಿಂತು ಓದಿದೆ. ‘ಹಿಂದಿನ ತಿದ್ದುಪಡಿಯಲ್ಲಿ ತಪ್ಪಿದೆ. ಸೋಪಿನ ಸಾಲನ್ನು ಡಾಕ್ಟ್ರಮ್ಮ ಬರೆದಿದ್ದರು. ಜಾಗ ಸಾಲಲಿಲ್ಲ ಎಂದು ಅದನ್ನು ತೆಗೆದವನು, ಕೇಳಿದಾಗ ಸುಳ್ಳು ಹೇಳಿದವನು ಟೈಪ್ ಮಾಡುವ ವಿರುಪಾಕ್ಷಿ.’ ಹಿಂದಿನ ಸಾಲಿನಲ್ಲಿದ್ದ ವಯಸ್ಸಾದ ಸಿಸ್ಟರ್ ಒಬ್ಬರು ಕಣ್ಣೊರೆಸಿಕೊಂಡು, “ನಾವು ಅಮ್ಮಾರಿಗೆ ವಯಸ್ಸಾತು ಅಂತಿದ್ವಿ,” ಎಂದರು. ಬಂಡ್ರಿಯವರು ನನ್ನ ಕಡೆ ನೋಡಲೇ ಇಲ್ಲ. ಸಿಟ್ಟು ಇರಬೇಕು, ಇರಲಿ. ನಾನು ಅಲ್ಲಿಂದ ಬಸ್ಸು ಹತ್ತಿ ಕಂಪ್ಲಿ ಕಡೆ ಹೋಗಿ, ಬೇಡದ ಮದ್ದು ಏರಿಸಿಕೊಂಡಿದ್ದ ಆ ಕಬ್ಬಿನವನನ್ನೂ ಹುಡುಕಿ, ಅವನ ಮುಂದೆಯೂ ಹೇಳಿದೆ. ಅವನು ಗದ್ದೆಯ ಬದುವಿನ ಮೇಲೆ ಕೂತು ಪೂರ್ತಿ ಕೇಳಿದ. ಜೀವ ಹೋಗಿದ್ದರೆ ನನ್ನ ಹೆಂಡತಿಗೆ ಏನು ಹೇಳುತ್ತಿದ್ದಿರಿ ಎಂದ. ಆಮೇಲೆ ಅವನೇ ಒಂದು ಕಬ್ಬು ಮುರಿದು ಕೊಟ್ಟ. ತಿಂದೆ. ಎಷ್ಟೋ ವರ್ಷಗಳ ಮೇಲೆ ಎದೆ ಹಗುರಾಗಿತ್ತು.

ಈಗ ನೀವು ಕೇಳದ ಸುದ್ದಿ ಹೇಳುತ್ತೇನೆ. ಆ ತಿದ್ದುಪಡಿಯನ್ನು ಅಚ್ಚು ಮಾಡುವಾಗ ನಿಮ್ಮ ಸಾಲುಗಳನ್ನು ನಾನು ಟೈಪ್ ಮಾಡಲಿಲ್ಲ. ನನ್ನ ಬೆರಳುಗಳ ಮೇಲೆ ಆ ಒಂದು ವಿಷಯದಲ್ಲಿ ನನಗೇ ನಂಬಿಕೆ ಇಲ್ಲ. ನಿಮ್ಮ ಕೈಬರಹದ ಆ ಸಾಲುಗಳನ್ನೇ ಕಲರಿನಲ್ಲಿ ಸ್ಕ್ಯಾನ್ ಮಾಡಿ, ದೊಡ್ಡದು ಮಾಡಿ, ಹಾಳೆಯ ನಟ್ಟನಡುವೆ ಇಟ್ಟೆ. ಸೋಮವಾರದ ಬಸ್ಸುಗಳಲ್ಲಿ ಎಲ್ಲ ಕಡೆಗೂ ಹೋಯಿತು. ಬಂಡ್ರಿಯಲ್ಲಿ, ಮೆಟ್ರಿಯಲ್ಲಿ, ನಮ್ಮ ಎಮ್ಮಿಗನೂರಿನಲ್ಲಿ ಹಳೆಯದನ್ನು ಕಿತ್ತು ಇದನ್ನು ಅಂಟಿಸಿದ್ದಾರೆ, ನಾನು ಹೋಗಿ ನೋಡಿ ಬಂದೆ. ನಿಮ್ಮದೇ ಅಕ್ಷರ, ನಿಮ್ಮದೇ ಕೆಂಪು ಮಸಿ. ‘ಸೋಪಿನಲ್ಲಿ ತೊಳೆದ ಟ್ಯೂಬು ಬೇಡವೇ ಬೇಡ’ ಎಂಬುದರ ಕೆಳಗೆ, ಕಾಗದ ಹರಿಯುವಷ್ಟು ಒತ್ತಿ, ನೀವು ಎರಡು ಗೆರೆ ಎಳೆದಿದ್ದಿರಿ. ಗೋಡೆಯ ಮುಂದೆ ನಿಂತವರಿಗೆಲ್ಲ ಅದು ಕಾಣುತ್ತದೆ. ನೀವು ಮರೆತಿರಲಿಲ್ಲ, ಡಾಕ್ಟ್ರಮ್ಮಾ.

ನಿಮ್ಮ
ವಿರುಪಾಕ್ಷಿ